ಒಬ್ಬರಿಗೆ ಒಂದೇ ಪ್ರಶ್ನೆ

ನಮ್ಮ ಕಡೆ ಮುಖದ ಮುಂದೆ ಕೊರತೆ ಹೇಳುವ ರೂಢಿ ಇಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಪಲ್ಯಕ್ಕೆ ಉಪ್ಪೇ ಬಿದ್ದಿರದಿದ್ದರೂ "ಛಲೋ ಆಗ್ಯದ್ರಿ" ಎಂದು ಇನ್ನೊಂದು ಸಲ ಹಾಕಿಸಿಕೊಳ್ಳುತ್ತೇವೆ. ಉಪ್ಪಿನ ಮಾತು ಏನಿದ್ದರೂ ಅವರ ಓಣಿ ದಾಟಿದ ಮೇಲೆ. ಇಂಥ ಸೀಮೆಯಲ್ಲಿ ನಾನು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಅನಿಸಿದ್ದನ್ನು ಎದುರಿಗೇ ಹೇಳುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಹೊರಟೆ. ಆದರ್ಶ ಇಟ್ಟುಕೊಂಡು ಹೊರಟೆ ಎಂದು ಹೇಳಿಕೊಳ್ಳಬಹುದಿತ್ತು. ನಿಜವಾದ ಕಾರಣ ಸುಸ್ತು.

ಕಮಲಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಮನೆ ಇರುವುದು ಕಲಬುರಗಿಯ ಇನ್ನೊಂದು ತುದಿಗೆ, ಕೋಟನೂರಿನಲ್ಲಿ. ಊರು ಎಲ್ಲಿ ಮುಗಿಯಿತು, ಶಹರ ಎಲ್ಲಿ ಶುರುವಾಯಿತು ಎಂದು ಈಗ ಅಲ್ಲಿನ ನಾಯಿಗಳಿಗೂ ತಿಳಿಯುವುದಿಲ್ಲ. ಬೆಳಿಗ್ಗೆ ಅಲ್ಲಿಂದ ಆಟೊ, ಬಸ್ ಸ್ಟ್ಯಾಂಡಿನಿಂದ ಬೀದರದ ಕಡೆಯ ಬಸ್ಸು. ಹೆಗಲ ಚೀಲದಲ್ಲಿ ಊಟದ ಡಬ್ಬಿ, ಮೊಣಕಾಲಿಗೆ ಹಚ್ಚುವ ಮುಲಾಮು, ತಿದ್ದಬೇಕಾದ ಪ್ರಬಂಧಗಳು. ಡಬ್ಬಿ ಮಧ್ಯಾಹ್ನಕ್ಕೆ ಖಾಲಿಯಾಗುತ್ತದೆ, ಪ್ರಬಂಧಗಳು ಆಗುವುದಿಲ್ಲ. ಬಸ್ಸಿನಲ್ಲಿ ತಿದ್ದುತ್ತೇನೆಂದು ಒಯ್ಯುತ್ತೇನೆ, ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಮನೆಯಲ್ಲಿ ತಿದ್ದುತ್ತೇನೆಂದು ತರುತ್ತೇನೆ, ಮನೆಯಲ್ಲಿ ಅವುಗಳ ಬಗ್ಗೆ ಚಿಂತೆ ಮಾಡುತ್ತೇನೆ. ಚಿಂತೆ ಮಾಡುವುದೂ ಕೆಲಸ ಮಾಡಿದಂತೆಯೇ ಎಂದು ನನ್ನೊಳಗೆ ಯಾರೋ ಕೂತು ಹಾಜರಿ ಹಾಕಿಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ನಾನು ಒಂದು ದಿನವೂ ರಜೆ ತೆಗೆದುಕೊಂಡವಳಲ್ಲ.

ಹೀಗಿರುವಾಗ ಕಲಬುರಗಿಯಲ್ಲಿ ಒಂದು ತರಬೇತಿ ನಡೆಯಿತು. ಅಲ್ಲಿ ಮಾತಾಡಲು ಬಂದವರೊಬ್ಬರು, ವಿದ್ಯಾರ್ಥಿಗಳು ಒಬ್ಬರದನ್ನೊಬ್ಬರು ಓದಬೇಕು, ಪ್ರತಿಕ್ರಿಯೆ ಹೇಳಬೇಕು, ಅಧ್ಯಾಪಕರು ಸ್ವಲ್ಪ ಹಿಂದಕ್ಕೆ ಸರಿಯಬೇಕು ಎಂದರು. ನನಗೆ ಕೊನೆಯ ಭಾಗ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ಮೊದಲ ಪ್ರಯೋಗ. 'ನಮ್ಮ ಮನೆಯ ಹಿರಿಯರು' ಎಂದು ಬರೆಸಿ, ಅದಲು ಬದಲು ಮಾಡಿಸಿ, ಓದಿ ಅನಿಸಿದ್ದು ಹೇಳಿ ಎಂದೆ. "ಅಕ್ಕಾರು ಛಲೋ ಬರದಾರ್ರಿ." "ಅಣ್ಣಾರು ಭಾಳ ಛಲೋ ಬರದಾರ್ರಿ." ಹೀಗೇ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಛಲೋ ಹರಿದುಹೋಯಿತು. ಒಬ್ಬನಂತೂ ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ವೇದಿಕೆಯ ಮೇಲೆ ಆಸೀನರಾಗಿರುವ ಗುರುಗಳೇ, ಗಣ್ಯರೇ" ಎಂದು ಶುರುಮಾಡಿದ. ವೇದಿಕೆ ಇರಲಿಲ್ಲ. ಶಾಲು ಹಾರ ಇದ್ದಿದ್ದರೆ ಅದೂ ಆಗಿಹೋಗುತ್ತಿತ್ತು.

ಮುಂದಿನ ವಾರ 'ಛಲೋ' ಎಂಬ ಮಾತನ್ನೇ ನಿಷೇಧಿಸಿದೆ. ಅದಕ್ಕೆ ಅವರು ಕೆಂಪು ಪೆನ್ನು ಕೊಂಡು ತಂದರು. 'ವಿಷಯ ಕಡಿಮೆ.' 'ಇನ್ನೂ ವಿಸ್ತರಿಸಬಹುದಿತ್ತು.' 'ಶ್ರಮ ಸಾಲದು.' ಓದುತ್ತಾ ಹೋದಂತೆ, ಪರರ ಮನೆಯಲ್ಲಿ ಯಾರೋ ಉಟ್ಟ ಸೀರೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡು, ಆಮೇಲೆ ಅದು ನಾವೇ ಕೊಟ್ಟ ಹಳೆಯ ಸೀರೆ ಎಂದು ಗೊತ್ತಾದ ಹಾಗಾಯಿತು. ಎಲ್ಲವೂ ನನ್ನವೇ ವಾಕ್ಯಗಳು. ಪೂರ್ತಿ ಓದದೆ ಎಷ್ಟೋ ಪ್ರಬಂಧಗಳ ಕೆಳಗೆ ನಾನು ಗೀಚಿದಂಥವು. ಬೈಸಿಕೊಂಡ ಒಬ್ಬ ಹುಡುಗಿ ಅತ್ತಳು, ಅವಳನ್ನು ನೋಡಿ ಬೈದ ಹುಡುಗಿಯೂ ಅತ್ತಳು.

ಸ್ಟಾಫ್ ರೂಮಿನಲ್ಲಿ ಇತಿಹಾಸದ ಸರ್ ನಗುತ್ತಾ ಕೂತಿದ್ದರು. "ಮೇಡಂ, ನೀವು ಖಾಲಿಪೀಲಿ ಪರೇಶಾನ್ ಆಗಾಕತ್ತೀರಿ. ನೋಟ್ಸ್ ಬರಸ್ರಿ, ಕೈ ತೊಳಕೋರಿ."

"ನೋಟ್ಸ್ ಬರಸಿದ್ರ ಹುಡುಗರಿಗೆ ಬರಿಯಾಕ ಬರ್ತದೇನ್ರಿ?"

"ಬರಿಯಾಕ ಬರಂಗಿಲ್ಲ. ಪಾಸ್ ಆಗಾಕ ಬರ್ತದ."

ಅವರ ಮೇಲಿನ ಹಟಕ್ಕೆ ಮೂರನೆಯ ಸಲ ನಾನೇ ಕೂತು ನಿಯಮ ಮಾಡಿದೆ. ಬರೆದವರು ಗಟ್ಟಿಯಾಗಿ ಓದಬೇಕು. ಜೋಡಿಯವರು ಹಾಳೆ ನೋಡದೆ ಕೇಳಿಸಿಕೊಂಡು, ಏನು ಕೇಳಿಸಿತೋ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಒಳ್ಳೆಯದು ಕೆಟ್ಟದ್ದು ಅನ್ನುವ ಹಾಗಿಲ್ಲ. ಕೊನೆಗೆ ಒಂದು ಪ್ರಶ್ನೆ ಕೇಳಬಹುದು, ಒಬ್ಬರಿಗೆ ಒಂದೇ. ಬರೆದವರು ಅಲ್ಲೇ ಉತ್ತರ ಕೊಡಕೂಡದು. ಪ್ರಶ್ನೆಯನ್ನು ಬರೆದುಕೊಂಡು ಹೋಗಿ, ಉತ್ತರವನ್ನು ಬರಹದೊಳಗೆ ಹುಡುಕಿ ತರಬೇಕು. ಈ ಕೊನೆಯ ನಿಯಮದ ಬಗ್ಗೆ ನನಗೆ ವಿಶೇಷ ಹೆಮ್ಮೆ ಇತ್ತು. ನನ್ನ ಮನೆಯಲ್ಲಿ ಯಾವ ಪ್ರಶ್ನೆಗೂ ಯಾರೂ ಉತ್ತರ ತಡೆದುಕೊಂಡ ಇತಿಹಾಸ ಇಲ್ಲ.

ಜೋಡಿಗಳನ್ನು ಅವರಿಗೇ ಬಿಟ್ಟರೆ ಅಕ್ಕತಂಗಿಯರು, ಓಣಿಯವರು ಸೇರಿಕೊಳ್ಳುತ್ತಾರೆ ಎಂದು ಹಾಜರಿಯ ಕ್ರಮದಲ್ಲೇ ಹಾಕಿದೆ. ಒಂದನೆಯವರಿಗೆ ಎರಡನೆಯವರು, ಮೂರಕ್ಕೆ ನಾಲ್ಕು. ಹಾಗೆ ಹಾಕುವಾಗ ಒಂದು ಕಡೆ ಮಹಾಗಾಂವದ ಒಬ್ಬ ಹುಡುಗಿಗೆ ಕಮಲಾಪುರದ ಆಚೆಯ ಹಳ್ಳಿಯ ಒಬ್ಬ ಹುಡುಗ ಜೋಡಿಯಾದ. ನಡುವೆ ಓದು ಬಿಟ್ಟು ಕೆಲ ಕಾಲ ಟೆಂಪೊ ಓಡಿಸಿ ಮತ್ತೆ ಕಾಲೇಜಿಗೆ ಬಂದವನು, ಉಳಿದವರಿಗಿಂತ ದೊಡ್ಡವನು. ಇವರ ಸರದಿ ಕೂಗಿದಾಗ ತರಗತಿಯಲ್ಲಿ ಗುಜುಗುಜು ಎದ್ದಿತು. ಹುಡುಗ ಹುಡುಗಿ ಒಂದೇ ಬೆಂಚಿಗೆ ಬಂದರೆ ಏಳುವ ಗುಜುಗುಜು ಎಂದುಕೊಂಡು, "ಕಾಲ ಎಲ್ಲಿಗೆ ಬಂದದ, ನೀವೆಲ್ಲಿದ್ದೀರಿ" ಎಂದು ಸಣ್ಣದೊಂದು ಭಾಷಣ ಮಾಡಿದೆ. ಅವರು ಇನ್ನೂ ಜೋರಾಗಿ ನಕ್ಕರು.

ವಿಷಯ 'ಕಾಲೇಜಿಗೆ ಬರುವ ದಾರಿ.' ಮೊದಲು ಹುಡುಗ ಓದಿದ. ಹುಡುಗಿ ತಿರುಗಿ ಹೇಳುವಾಗ ಅವನ ಕಡೆ ಒಮ್ಮೆಯೂ ನೋಡಲಿಲ್ಲ. ಎಲ್ಲವನ್ನೂ ಕಪ್ಪು ಹಲಗೆಗೆ ಹೇಳಿದಳು. ಕೊನೆಗೆ, "ಗಾಡಿ ಎಲ್ಲಿ ಪಂಕ್ಚರ್ ಆಯ್ತು ಅಂತ ಬರದಿಲ್ಲ. ಎಲ್ಲಿ ಅಂತ ಅವರನ್ನ ಕೇಳ್ರಿ ಮೇಡಂ" ಎಂದಳು. ನಾಚಿಕೆ ಸ್ವಭಾವ ಎಂದುಕೊಂಡೆ.

ಆಮೇಲೆ ಅವಳು ಓದಿದಳು. ಬರಹ ಚೆನ್ನಾಗಿತ್ತು, ನಿಷೇಧ ಹಾಕಿದವಳು ನಾನಾದ್ದರಿಂದ ನಾನು ಅನ್ನಬಹುದು. ಹೆಂಗಸರಿಗೆ ಟಿಕೀಟು ಇಲ್ಲದಾಗಿನಿಂದ ಮಹಾಗಾಂವ ಕ್ರಾಸಿನಲ್ಲಿ ಬರೇ ಹೆಣ್ಣುಮಕ್ಕಳು ನಿಂತದ್ದು ಕಂಡರೆ ಡ್ರೈವರ್ ಹೇಗೆ ಬಸ್ಸನ್ನು ದೂರ ಒಯ್ದು ನಿಲ್ಲಿಸುತ್ತಾನೆ, ಇವರು ಹೇಗೆ ಓಡುತ್ತಾರೆ, ಬಸ್ಸು ನಿಲ್ಲಲೆಂದು ಒಬ್ಬ ಗಂಡಸನ್ನು ಮುಂದೆ ಮಾಡಿ ಹೇಗೆ ಕೈ ತೋರಿಸುತ್ತಾರೆ, ಸಂತೆಗೆ ಕೆಂಪು ಬಾಳೆಯ ಬುಟ್ಟಿ ಒಯ್ಯುವ ಮುದುಕ ಬುಟ್ಟಿಯನ್ನು ಸೀಟಿನ ಮೇಲಿಟ್ಟು ತಾನು ಕೆಳಗೆ ಕೂರುವುದು, ಎಲ್ಲ ಇತ್ತು. ಇವುಗಳ ನಡುವೆ ಎಲ್ಲೋ ಒಂದು ಸಾಲು: 'ಮುಂದಿನ ವರ್ಷ ನಾನು ಕಾಲೇಜಿಗೆ ಬರುವುದಿಲ್ಲ.' ಅದರ ಬೆನ್ನಿಗೇ ಮತ್ತೆ ಬಸ್ಸು, ಕಂಡಕ್ಟರು, ಧೂಳು. ನನಗೆ ಆ ಸಾಲು ಕೇಳಿಸಲೇ ಇಲ್ಲ. ಗಂಟೆ ಹೊಡೆಯುವುದರೊಳಗೆ ಇನ್ನೆಷ್ಟು ಜೋಡಿ ಮುಗಿದಾವು ಎಂದು ಎಣಿಸುತ್ತಿದ್ದೆ.

ಹುಡುಗನಿಗೆ ಕೇಳಿಸಿತ್ತು. ಬಸ್ಸು, ಓಟ, ಬಾಳೆಬುಟ್ಟಿ ಒಂದೂ ಬಿಡದೆ ತಿರುಗಿ ಹೇಳಿ, ತಲೆ ಕೆರೆದುಕೊಂಡು, "ನಂದು ಪ್ರಶ್ನಿ ಏನಂದ್ರ... ಮುಂದಿನ ವರ್ಷ ಕಾಲೇಜಿಗೆ ಬರಂಗಿಲ್ಲ ಅಂತ ಬರದಾರ. ಯಾಕ ಬರಂಗಿಲ್ಲ?" ಎಂದ.

ತರಗತಿಯಲ್ಲಿ ಹೋ ಎಂದು ಒಂದು ಕೂಗು ಎದ್ದು, ಎದ್ದಷ್ಟೇ ಬೇಗ ಅಡಗಿತು. ಹುಡುಗಿಯ ಮುಖ ಕೆಂಪಗಾಗಿತ್ತು.

"ಮೇಡಂ, ನಾ ಹೇಳ್ಲೇನ್ರಿ?"

"ಊಂಹೂಂ. ನಿಯಮ ಅಂದ್ರ ನಿಯಮ. ಬಾಯಿ ಮುಚ್ಚಿಕೊಂಡು ಬರಕೋ."

ಅವಳು ಬರೆದುಕೊಂಡಳು. ಕಡೆಗೂ ಒಬ್ಬ ಹುಡುಗ ಒಂದು ಬರಹಕ್ಕೆ ನಿಜವಾದ ಪ್ರಶ್ನೆ ಕೇಳಿದ ಎಂಬ ಸಂತೋಷದಲ್ಲಿ ನಾನು ಸ್ಟಾಫ್ ರೂಮಿಗೆ ಹೋಗಿ ಇತಿಹಾಸದ ಸರ್‌ಗೆ ವರದಿ ಒಪ್ಪಿಸಿದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟರು.

"ಅವರಿಬ್ಬರನ್ನ ಜೋಡಿ ಹಾಕಿದ್ರಾ? ನೀವಾ?"

"ಹಾಜರಿ ಪ್ರಕಾರ ಬಂತ್ರಿ."

"ಮೇಡಂ, ಅವರಿಬ್ಬರದೂ ಸಕ್ಕರಿ ಹಂಚ್ಯಾರ. ನಾನೂ ತಿಂದೀನಿ. ಅಕಿ ಸೋದರಮಾವನ ಮಗಾ ಅವ. ಪರೀಕ್ಷಾ ಮುಗದಿಂದ ಬ್ಯಾಸಿಗ್ಯಾಗ ಮದಿವಿ."

ನಮ್ಮ ಕಡೆ ಸಕ್ಕರೆ ಹಂಚಿದರೆಂದರೆ ಮದುವೆಯ ಮಾತು ಮುಗಿದ ಹಾಗೆ. ಆಮೇಲೆ ಮದುವೆಯ ತನಕ ಆ ಇಬ್ಬರೂ ಹಿರಿಯರ ಎದುರಿಗೆ ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡುವುದಿಲ್ಲ. ಊರಿಗೆಲ್ಲ ಗೊತ್ತಿತ್ತು, ತರಗತಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಹಾಜರಿ ಪುಸ್ತಕ ಹಿಡಿದವಳು ಒಬ್ಬಳೇ. ಅವನು ಮುಂದಿನ ವರ್ಷ ಡಿಗ್ರಿ ಮುಗಿಸುತ್ತಾನೆ, ಅವಳು ಬಿಡುತ್ತಾಳೆ. ಯಾಕೆ ಬರುವುದಿಲ್ಲ ಎಂದು ತುಂಬಿದ ತರಗತಿಯಲ್ಲಿ ಅವಳನ್ನು ಕೇಳಿದವನು, ಆ ಕಾರಣ ತಾನೇ ಆಗಿರುವವನು. ಅವಳು ಉತ್ತರ ಹೇಳಲು ಬಂದಾಗ ಬಾಯಿ ಮುಚ್ಚಿಸಿದವಳು ನಾನು.

ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೇ ಅಪಶಕುನ. ಕೂತವಳಿಗೆ ಚಿಂತೆ ಮಾಡಲು ಎರಡೂ ಕೈ ಖಾಲಿ. ಮಹಾಗಾಂವ ದಾಟುವಷ್ಟರಲ್ಲಿ ಮದುವೆ ಮುರಿದಿತ್ತು. ಕಲಬುರಗಿ ಬರುವಷ್ಟರಲ್ಲಿ ಎರಡು ಮನೆಯವರು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತಿದ್ದರು. ಕೋಟನೂರಿನ ಆಟೊದಲ್ಲಿ ನನಗೆ ವರ್ಗಾವಣೆಯಾಗಿ, ಹೋದ ಊರಿನಲ್ಲಿ ಬಾಡಿಗೆ ಮನೆಯ ನಲ್ಲಿ ಸೋರುತ್ತಿತ್ತು.

ಭಾನುವಾರ ಹುಡುಗಿಯ ತಂದೆ ಮನೆಗೇ ಬಂದರು. ಅವರು ಗೌಂಡಿ, ನಮ್ಮ ಲೇಔಟಿನ ಹಿಂದೆ ಏಳುತ್ತಿರುವ ಮನೆಗಳ ಗೋಡೆ ಕಟ್ಟುವ ಕೆಲಸಕ್ಕೆ ದಿನವೂ ಕೋಟನೂರಿಗೆ ಬರುತ್ತಾರಂತೆ. ಕೂತ ಕುರ್ಚಿಯ ನೆತ್ತಿಗೆ ಸರಿಯಾಗಿ ನಮ್ಮ ಛಾವಣಿ ಮಳೆಗಾಲದಲ್ಲಿ ಸೋರಿ, ದೊಡ್ಡ ನಕಾಶೆಯಂಥ ಕಲೆ ಬಿದ್ದಿತ್ತು. ಅವರು ತಲೆಯೆತ್ತಿ ಅದನ್ನು ಪೂರಾ ನೋಡಿ, "ಮನಿ ಛಲೋ ಕಟ್ಟಸೀರಿ ಮೇಡಂರೀ" ಎಂದರು.

ಚಹಾ ಕೊಟ್ಟೆ. ಅರ್ಧ ಕುಡಿದು ಮಾತು ತೆಗೆದರು.

"ನಿಮ್ಮ ಕ್ಲಾಸಿನ್ಯಾಗ ನಮ್ಮ ಅಳಿಯಾ ಏನೋ ಕೇಳ್ಯಾನಂತ."

"ಅದು ಪಾಠದ್ದು ರೀ. ಎಲ್ಲರೂ ಎಲ್ಲರಿಗೂ ಕೇಳ್ತಾರ."

"ಪಾಠದ್ದೇ ಇರವಲ್ದ್ಯಾಕ. ಸಂಜಿಕೇ ಎರಡೂ ಊರಿಗೆ ಮುಟ್ಯದ. ನಮ್ಮ ಭಾವಮೈದುನ ಫೋನ್ ಹಚ್ಚಿದ್ದ. 'ಕಾಲೇಜು ಬಿಡಸ್ತಾರ ಅಂತ ನಿನ್ನ ಮಗಳು ಬರದು ಓದ್ಯಾಳಂತ, ನಾವೇನ್ ಬಿಡಸ್ರಿ ಅಂದೇವೇನು?' ಅಂದ. ನಾ ಅಂದೆ, ನಿನ್ನ ಮಗನೇ ಮಂದಿ ಮುಂದ ಕೇಳ್ಯಾನಲ್ಲಪಾ, ಯಾಕ ಓದಸಂಗಿಲ್ಲ ಅಂತ. ಡಿಗ್ರಿ ಆದ ಹುಡುಗಿನೇ ಬೇಕು ಅಂದ್ರ ಸಕ್ಕರಿ ಹಂಚೂ ಮುಂದ ಹೇಳಬೇಕಿತ್ತು."

"ಅವ ಹಾಂಗ ಕೇಳಿಲ್ರಿ. ಯಾಕ ಬರಂಗಿಲ್ಲ ಅಂತ ಕೇಳ್ಯಾನ, ಅಷ್ಟೇ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಬೀಗರ ಕಡಿಂದ ಬಂದ ಮಾತು ಅಷ್ಟೇ ಅಂತ ಇರ್ತದೇನ್ರಿ ಮೇಡಂ? 'ನಿಮ್ಮ ಮನಿ ಮುಂದ ಬೈಕ್ ನಿಲ್ಲಾಕ ಜಾಗಾ ಅದ ಏನು' ಅಂತ ಕೇಳ್ತಾರ. ಜಾಗಾ ಕೇಳ್ತಾರೇನು? ಬೈಕ್ ಕೇಳ್ತಾರ."

ನಾನು ಪ್ರಶ್ನೆ ಕೇಳುವುದನ್ನು ಕಲಿಸಿದ್ದೆ. ಕೇಳುವವನು ವರನಾದರೆ ಆ ಪ್ರಶ್ನೆ ದಾರಿಯಲ್ಲೇ ಬೇಡಿಕೆಯಾಗಿ ಮನೆ ಮುಟ್ಟುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

"ಈಗ ಏನ್ ಮಾಡ್ಬೇಕಂತೀರಿ?"

"ಅವಗ ಆ ಪ್ರಶ್ನಿ ವಾಪಸ್ ತೊಗೊ ಅಂತ ಹೇಳ್ರಿ. ಮಂದಿ ಮುಂದ ಕೇಳ್ಯಾನ, ಮಂದಿ ಮುಂದೇ ವಾಪಸ್ ತೊಗೋಬೇಕು. ಅಲ್ಲಿಗೆ ಮುಗೀತು."

"ಮಗಳು ಏನಂತಾಳ್ರಿ?"

"ಅಕಿ ಏನಂತಾಳ? ಅಕಿಗೆ ಯಾರೂ ಕೇಳಿಲ್ಲ."

ಇವತ್ತು ಉಸುಕಿನ ಗಾಡಿ ಬಂದಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿ, ಉಳಿದ ಚಹಾ ಕುಡಿದು ಕಪ್ಪನ್ನು ತಾವೇ ಒಳಬಾಗಿಲ ಹತ್ತಿರ ಇಟ್ಟರು. ಕೆಟ್ಟ ಮನುಷ್ಯರಲ್ಲ. ದನಿ ಎತ್ತರಿಸಲಿಲ್ಲ. ನಾನೂ ಕೆಟ್ಟವಳಲ್ಲ, ಆದರೆ ಗಟ್ಟಿಯವಳಂತೂ ಅಲ್ಲವೇ ಅಲ್ಲ. "ಹೇಳಿ ನೋಡ್ತೀನ್ರಿ" ಎಂದುಬಿಟ್ಟೆ.

ಸೋಮವಾರ ಮಹಾಗಾಂವ ಕ್ರಾಸಿನಿಂದ ಒಂದಷ್ಟು ದೂರ ನಿಂತ ಬಸ್ಸಿಗೆ ಓಡಿ ಹತ್ತಿದವರಲ್ಲಿ ಅವಳೂ ಇದ್ದಳು. ಗದ್ದಲ ಸೀಳಿಕೊಂಡು ಬಂದು ನನ್ನ ಪಕ್ಕದ ಕಂಬ ಹಿಡಿದಳು.

"ಅಪ್ಪ ಬಂದಿದ್ರಂತಲ್ರಿ ಮೇಡಂ."

"ಬಂದಿದ್ರವಾ. ಪ್ರಶ್ನಿ ವಾಪಸ್ ತೊಗೊಳಾಕ ಹೇಳ್ರಿ ಅಂದ್ರು. ನೀ ಏನಂತಿ?"

"ಬ್ಯಾಡ್ರಿ. ಅವರು ಖರೇನೇ ಗೊತ್ತಿಲ್ಲದ ಕೇಳ್ಯಾರ. ಮದಿವಿ ಆದ್ರೂ ನಾನು ಬರ್ತೀನಿ, ಇಬ್ರೂ ಒಂದೇ ಗಾಡಿ ಮ್ಯಾಲ ಹೋಗೋದು ಅಂತ ತಿಳಕೊಂಡಿದ್ರಂತ."

"ನಿನಗ ಹ್ಯಾಂಗ ಗೊತ್ತಾಯ್ತು?"

"ಫೋನ್ ಅದ ಅಲ್ರಿ, ಮೇಡಂ" ಎಂದು ನನ್ನ ಮಬ್ಬುತನಕ್ಕೆ ನಕ್ಕು, ಆಮೇಲೆ ನಗು ನಿಲ್ಲಿಸಿದಳು. "ನಾ ನಿಮಗ ಒಂದ್ ಮಾತ್ ಹೇಳ್ಲೇನ್ರಿ? ಕ್ಲಾಸಿಂದು."

"ಹೇಳವಾ."

"ನಿಮ್ಮ ನಿಯಮ ಪ್ರಕಾರ ಮೊದಲ ನನಗ ಕೇಳಿಸಿದ್ದು ಹೇಳ್ತೀನಿ. ಬರದಾಕಿ ಉತ್ತರ ಕೊಡಬಾರದು, ಮನಿಗೆ ಹೋಗಿ ವಿಚಾರ ಮಾಡಿ ಬರೀಬೇಕು ಅಂದ್ರಿ. ಖರೇ ಅದ. ಆದ್ರ ಸಂಜೀ ಆಗೂದ್ರಾಗ ಎಲ್ಲರೂ ಉತ್ತರ ಕೊಟ್ರು. ಮಾವ ಕೊಟ್ಟ, ಅಪ್ಪ ಕೊಟ್ರು, ನಮ್ಮೂರ ಕಿರಾಣಿ ಅಂಗಡ್ಯಾಂವ ಸುದ್ದಾ ಕೊಟ್ಟ. ನಾ ಒಬ್ಬಾಕಿನೇ ಪ್ರಶ್ನಿ ಬರಕೊಂಡು ಕುಂತಿದ್ದೆ."

ಎದೆಗೆ ಸರಿಯಾಗಿ ತಾಗಿತು. ತಾಗಿದ ಕೂಡಲೇ ಬಾಯಿ ತೆರೆಯಿತು. "ಹಾಂಗಲ್ಲವಾ, ಆ ನಿಯಮ ಯಾಕ ಇಟ್ಟೆ ಅಂದ್ರ, ಬರದವರು ಗಡಿಬಿಡಿಲೇ ತಮ್ಮನ್ನ ತಾವು ಸಮರ್ಥನಾ ಮಾಡ್ಕೋತ..."

"ಉತ್ತರ ಕೊಡಬಾರದ್ರಿ ಮೇಡಂ."

ನಡುವೆ ಕಂಡಕ್ಟರ್ ನುಗ್ಗಿ ಬಂದು "ಒಳಗ ಸರೀರಿ, ಒಳಗ ಸರೀರಿ, ಒಳಗ ಇಡೀ ಬಸ್ ಖಾಲಿ ಅದ" ಎಂದು ಸುಳ್ಳು ಹೇಳಿದ. ನಾನು ಸರಿದೆ, ಬಾಯಿ ಮುಚ್ಚಿದೆ. ಕಮಲಾಪುರ ಬರುವ ತನಕ ಮುಚ್ಚಿಯೇ ಇದ್ದೆ. ಅಷ್ಟು ದಾರಿಯಲ್ಲಿ ನನ್ನ ನಾಲಗೆಯ ಮೇಲೆ ಎಷ್ಟು ಸಮರ್ಥನೆಗಳು ಹತ್ತಿ ಇಳಿದವೋ. ನಾನು ನಿನ್ನ ಒಳ್ಳೆಯದಕ್ಕೇ ಹೇಳಿದ್ದು, ನನಗೆ ನಿಮ್ಮ ಸಂಬಂಧ ಗೊತ್ತಿರಲಿಲ್ಲ, ನನಗೂ ಮನೆಯಲ್ಲಿ ಸಾವಿರ ತಾಪತ್ರಯ. ಒಂದೂ ಅವಳ ಮಾತಿಗೆ ಉತ್ತರ ಆಗಿರಲಿಲ್ಲ. ತಿದ್ದುವ ವೃತ್ತಿಯಲ್ಲಿ ಕೂದಲು ಬೆಳ್ಳಗಾದ ನನಗೆ, ತಿದ್ದಿಸಿಕೊಳ್ಳುವುದು ಹೇಗಿರುತ್ತದೆ ಎಂಬುದು ಮರೆತೇ ಹೋಗಿತ್ತು.

ಹುಡುಗನಿಗೆ ನಾನು ಏನೂ ಹೇಳಲಿಲ್ಲ. ಧೈರ್ಯದಿಂದ ಹೇಳಲಿಲ್ಲವೋ, ಅಂಜಿ ಹೇಳಲಿಲ್ಲವೋ ಈಗಲೂ ವಿಂಗಡಿಸಲಾರೆ. ಹುಡುಗಿ ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಬದಲಾವಣೆ ಮಾತ್ರ ಮಾಡಿದೆ. ಉತ್ತರ ಸೇರಿಸಿ ತಂದ ಬರಹವನ್ನು ಜೋಡಿಯವರಿಗಷ್ಟೇ ಮೆಲ್ಲಗೆ ಓದಬಹುದು, ಎಲ್ಲರ ಮುಂದೆ ಓದಬೇಕೆಂದಿಲ್ಲ ಎಂದೆ. ಎಲ್ಲರೂ ತಲೆಗೆ ತಲೆ ಹಚ್ಚಿ ಪಿಸುಪಿಸು ಶುರುಮಾಡಿದರು. ಅವಳೊಬ್ಬಳು ಎದ್ದು ನಿಂತಳು.

"ನಾ ಎಲ್ಲರ ಮುಂದೇ ಓದ್ತೀನ್ರಿ."

ಬಸ್ಸು, ಓಟ, ಬಾಳೆಬುಟ್ಟಿ ಹಾಗೇ ಇದ್ದವು. ಆ ಸಾಲಿನ ಹತ್ತಿರ ಬಂದಾಗ ಅವಳು ನಿಧಾನ ಮಾಡಿದಳು. 'ಮುಂದಿನ ವರ್ಷ ನಾನು ಕಾಲೇಜಿಗೆ ಬರುವುದಿಲ್ಲ. ಬಿಡಿಸಬೇಕೆಂದು ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ, ಅವರ ಮನೆಯಲ್ಲೂ ಹೇಳಿಲ್ಲ. ಮದುವೆಯಾದ ಮೇಲೆ ಅಕ್ಕ ಬಿಟ್ಟಳು, ಓಣಿಯ ಹುಡುಗಿಯರೆಲ್ಲ ಬಿಟ್ಟರು. ಹಾಗಾಗಿ ನಾನೂ ಬಿಡುತ್ತೇನೆಂದು ಎಲ್ಲರೂ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಕೇಳಿದ ಮೇಲೆ ಯೋಚಿಸಿದೆ. ನನಗೆ ಕೊನೆಯ ವರ್ಷ ಬೇಕು. ಇದನ್ನು ಮನೆಯಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಓದಿದರೆ ಸಂಜೆಯೊಳಗೆ ಮನೆ ಮುಟ್ಟುತ್ತದೆ ಎಂದು ಈಗ ಗೊತ್ತಾಗಿದೆ.'

ಯಾರೂ ಹೋ ಎನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ಅವಳ ಊರಿನ ಇಬ್ಬರು ತಲೆ ತಗ್ಗಿಸಿದರು; ಮೊದಲ ಸಲ ಸುದ್ದಿ ಒಯ್ದವರು ಅವರೇ ಇರಬೇಕು. ಹುಡುಗ ಎದ್ದು, ತಡವರಿಸುತ್ತಾ, ಎಲ್ಲವನ್ನೂ ತಿರುಗಿ ಹೇಳಿದ. 'ಬೇಕು' ಎಂಬ ಮಾತನ್ನು ಮಾತ್ರ ಎರಡು ಸಲ ಹೇಳಿದ. ಆಮೇಲೆ ನನ್ನ ಕಡೆ ನೋಡಿ, "ಪ್ರಶ್ನಿ ಕೇಳಲೇಬೇಕೇನ್ರಿ?" ಎಂದ. ಕೇಳದಿದ್ದರೂ ನಡೆಯುತ್ತದೆ ಎಂದೆ. "ಹಂಗಾದ್ರ ಬ್ಯಾಡ್ರಿ. ಹೋದ ಸಲದ್ದೇ ಭಾಳ ಆಗ್ಯದ" ಎಂದು ಕೂತ. ಆಗ ನಗು ಬಂತು, ಅವಳಿಗೂ.

ಸಂಜೆಯೊಳಗೆ ಮನೆ ಮುಟ್ಟಿತು. ಮುಂದಿನ ದಿನಗಳಲ್ಲಿ ಎರಡು ಮನೆಗಳ ನಡುವೆ ಏನೇನು ನಡೆಯಿತೋ ನನಗೆ ಪೂರಾ ತಿಳಿಯದು. ಪ್ರತಿ ಬೆಳಿಗ್ಗೆ ಕ್ರಾಸಿನಲ್ಲಿ ಅವಳು ಹತ್ತುತ್ತಾಳೋ ಇಲ್ಲವೋ ಎಂದು ಬಸ್ಸಿನ ಕಿಟಕಿಗೆ ಕತ್ತು ಹಾಕಿ ನೋಡುತ್ತಿದ್ದೆ. ಹತ್ತುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ಕೊನೆಗೆ ಹೇಳಿದವರು ಅವಳ ತಂದೆ, ಕೋಟನೂರಿನ ಹಾಲಿನ ಅಂಗಡಿಯ ಮುಂದೆ ಸಿಕ್ಕು.

"ಕೊಟ್ಟೇವ್ರಿ ಮೇಡಂ."

"ಏನು ಕೊಟ್ರಿ?"

"ಕಾಲೇಜ್. ಬ್ಯಾರೆಯವರ ಅಳಿಯಂದ್ರು ಏನೇನೋ ಕೇಳ್ತಾರ, ನಮ್ಮಾಂವ ಒಂದ್ ವರ್ಷದ ಕಾಲೇಜ್ ಕೇಳ್ಯಾನ. ಇಷ್ಟೂ ನಡಸಿಕೊಡಲಿಲ್ಲ ಅಂದ್ರ ಮಂದಿ ಏನಂದಾರು? ಲಗ್ನ ಬ್ಯಾಸಿಗ್ಯಾಗೇ. ಆಮ್ಯಾಲ ಅಲ್ಲಿಂದ ಬಂದು ಓದತಾಳ."

ಹೆಮ್ಮೆಯಿಂದಲೇ ಹೇಳಿದರು. ಮಗಳು ನಿಂತು ಓದಿದ 'ನನಗೆ ಬೇಕು' ಎಂಬ ಮಾತು ಅಷ್ಟು ದೂರ ಹೋಗುವಷ್ಟರಲ್ಲಿ ಮತ್ತೆ ಅಳಿಯನ ಬೇಡಿಕೆಯೇ ಆಗಿತ್ತು. ನನಗೆ ಖುಷಿಯಾಗಬೇಕಿತ್ತು, ಮೈಯೆಲ್ಲ ದಣಿವಾಯಿತು. ಹುಡುಗಿಗೆ ಬಸ್ಸಿನಲ್ಲಿ ಹೇಳಿಕೊಂಡರೆ, ಅವಳು "ಯಾರ ಹೆಸರಿಲೇ ಆದ್ರೂ ಸಿಗವಲ್ದ್ಯಾಕ ರೀ ಮೇಡಂ. ವರ್ಷ ಅಂತೂ ನಂದೇ ಅಲ್ಲೇನ್ರಿ?" ಎಂದಳು. ಸಮಾಧಾನ ಹೇಳಬೇಕಾದವಳು ನಾನು, ಹೇಳಿದವಳು ಅವಳು.

ಮದುವೆಗೆ ಹೋಗಿ ಬಂದೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಛಲೋ ಆಗ್ಯದ ಎಂದು ಹಾಕಿಸಿಕೊಂಡೆ.

ಹೊಸ ವರ್ಷದ ತರಗತಿಗಳು ಶುರುವಾದವು. ವೇಳಾಪಟ್ಟಿಯಲ್ಲಿ ಕನ್ನಡ ಮೊದಲನೆಯ ಪಿರಿಯಡ್. ಹುಡುಗನ ಗಾಡಿ ಮೊದಲ ಗಂಟೆಗೇ ಕಾಲೇಜಿನ ಮುಂದೆ ನಿಂತಿರುತ್ತಿತ್ತು, ಅವಳು ಇರುತ್ತಿರಲಿಲ್ಲ. ಒಂದು ವಾರ ನೋಡಿದೆ. ನನ್ನ ಪಿರಿಯಡ್ ಮುಗಿದ ಮೇಲೆ ಟೆಂಪೊ ಇಳಿದು, ಬೆವರು ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಅವನನ್ನು ಕರೆದು ಕೇಳಿದೆ.

"ರೊಟ್ಟಿ ಆಗಬೇಕಲ್ರಿ ಮೇಡಂ" ಎಂದ.

"ಯಾರಿಗೆ?"

"ಎಲ್ಲರಿಗೂ" ಎಂದ, ಮುಖ ಸಣ್ಣದು ಮಾಡಿಕೊಂಡು. "ಮನ್ಯಾಗ ಹೇಳೀನ್ರಿ. ಅವ್ವ, ಓದಲಿ ಬ್ಯಾಡನ್ನಂಗಿಲ್ಲ, ರೊಟ್ಟಿ ಮಾಡಿ ಹೋಗಲಿ ಅಂತಾಳ."

ಕೇಳಲು ಇನ್ನೂ ಎಷ್ಟೋ ಇದ್ದವು. ಅವನ ಮುಖ ನೋಡಿ ಬಿಟ್ಟೆ. ಸಿಕ್ಕ ಒಂದು ವರ್ಷದಲ್ಲಿ ದಿನದ ಮೊದಲ ತಾಸು ತವೆಯ ಮುಂದೆ ಹೋಗುತ್ತಿತ್ತು, ಆ ತಾಸು ನನ್ನದೇ ಆಗಿತ್ತು. ಅತ್ತೆಯನ್ನು ಬದಲಿಸುವ ಶಕ್ತಿ ನನಗಿಲ್ಲ. ವೇಳಾಪಟ್ಟಿಯನ್ನು ಬದಲಿಸಬಹುದಿತ್ತು. ಇತಿಹಾಸದ ನೋಟ್ಸ್ ತಪ್ಪಿದರೆ ಯಾರದ್ದಾದರೂ ನೋಡಿ ಬರೆದುಕೊಳ್ಳಬಹುದು; ಇತಿಹಾಸದ ಸರ್ ಹತ್ತಿರ ಹೋದೆ.

"ನಿಮ್ಮ ಲಾಸ್ಟ್ ಪಿರಿಯಡ್ ನನಗ ಕೊಡ್ರಿ, ನಂದು ಫಸ್ಟ್ ನೀವು ತೊಗೋರಿ."

ಅವರು ನಂಬಲಿಲ್ಲ. ಕಾಲೇಜಿನಲ್ಲಿ ಲಾಸ್ಟ್ ಪಿರಿಯಡ್ ಯಾರೂ ಕೇಳಿ ಪಡೆಯುವ ವಸ್ತುವಲ್ಲ. ಆ ಹೊತ್ತಿಗೆ ಹುಡುಗರು ಅರ್ಧ ಮನೆಗೆ ಹೋಗಿರುತ್ತಾರೆ, ಉಳಿದರ್ಧ ನಿದ್ದೆಗೆ. ಸೀಟು ಸಿಗುವ ಬಸ್ಸು ಹೋಗಿಬಿಡುತ್ತದೆ. "ಮೇಡಂ, ಖರೇ ಹೇಳ್ರಿ, ಮನ್ಯಾಗ ಏನರ ಜಗಳಾ ಆಗ್ಯದೇನು?"

"ಇಲ್ರಿ. ಮೊಣಕಾಲ ನೋವು. ಮುಂಜಾನಿ ಜಲ್ದಿ ಏಳಾಕ ಆಗವಲ್ದು."

"ಹಾಂಗಾರ ತೊಗೋರಿ, ಖುಷಿಲೇ ತೊಗೋರಿ" ಎಂದು, ನಾನು ಮನಸ್ಸು ಬದಲಿಸುವ ಮೊದಲೇ ಹೋಗಿ ಪ್ರಿನ್ಸಿಪಾಲರ ಸಹಿ ಮಾಡಿಸಿಕೊಂಡು ಬಂದರು.

ಹೀಗೆ ಈಗ ನಾನು ದಿನವೂ ಕತ್ತಲಾಗುವ ಹೊತ್ತಿಗೆ ನಿಂತುಕೊಂಡೇ ಕಲಬುರಗಿಗೆ ಬರುತ್ತೇನೆ. ಮೊಣಕಾಲು ನಾನು ಹೇಳಿದ ನೆಪವನ್ನು ನಿಜ ಮಾಡುವ ಹಟದಲ್ಲಿದೆ.

ಲಾಸ್ಟ್ ಪಿರಿಯಡ್ಡಿನ ಮೊದಲ ದಿನ ಮತ್ತೆ ಹಾಜರಿಯ ಪ್ರಕಾರ ಜೋಡಿ ಕೂಗಿದೆ. ಅವಳು ಎದ್ದು ನಿಂತಳು. ಕಾಲುಂಗುರ, ಹಸಿರು ಬಳೆ, ಅದೇ ಹಳೆಯ ಚೀಲ.

"ನನಗ ಬ್ಯಾರೆ ಜೋಡಿ ಕೊಡ್ರಿ ಮೇಡಂ. ಇವರು ಮನ್ಯಾಗ ದಿನಾ ಕೇಳ್ತಾರ, ಅದು ಎಲ್ಲಿ ಅದ, ಇದು ಎಲ್ಲಿ ಅದ."

"ನಾ ಎಲ್ಲಿ ಕೇಳ್ತೀನ್ರಿ? ನನಗ ಎಲ್ಲಿ ಸರದಿ ಬರ್ತದ?" ಎಂದು ಅವನು. ತರಗತಿಯ ನಿದ್ದೆ ಹಾರಿತು.

ಬೇರೆ ಕಾಲೇಜಿನಿಂದ ಈ ವರ್ಷ ಬಂದು ಸೇರಿದ್ದ, ಬಾಯಿ ಬಿಡಲು ಅಂಜುವ ಒಬ್ಬ ಹುಡುಗಿಯನ್ನು ಅವಳಿಗೆ ಜೋಡಿ ಹಾಕಿದೆ. ಅವಳು ಓದಿದ್ದು ರೊಟ್ಟಿಯ ಬಗ್ಗೆ: ಹಿಟ್ಟು ನಾದುವಾಗ ಅತ್ತೆ ಪಕ್ಕದಲ್ಲಿ ಕೂತು ನೋಡುವುದು, ಕೊನೆಯ ರೊಟ್ಟಿ ತವೆಯ ಮೇಲಿರುವಾಗಲೇ ರಸ್ತೆಯಲ್ಲಿ ಟೆಂಪೊದ ಹಾರ್ನ್ ಕೇಳುವುದು. ಹೊಸ ಹುಡುಗಿ ಸಣ್ಣ ದನಿಯಲ್ಲಿ ಎಲ್ಲವನ್ನೂ ತಿರುಗಿ ಹೇಳಿದಳು. ಆಮೇಲೆ, "ಅಕ್ಕಾ, ಈ ವರ್ಷ ಮುಗದಿಂದ ಏನ್ ಮಾಡ್ತೀರಿ?" ಎಂದಳು.

ಓದಿದವಳು ಈ ಸಲ ನನ್ನ ಕಡೆ ನೋಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಪ್ರಶ್ನೆಯನ್ನು ಬರೆದುಕೊಳ್ಳತೊಡಗಿದಳು. ಹಿಂದಿನ ಬೆಂಚಿನಲ್ಲಿ ಅವನು ತನ್ನ ಜೋಡಿ ಓದುತ್ತಿದ್ದುದನ್ನು ಬಿಟ್ಟು, ಇತ್ತ ಕತ್ತು ಉದ್ದ ಮಾಡಿಕೊಂಡು ಕೂತಿದ್ದ.